ಮದ್ದು ಭಿಕ್ಷೆಯಲ್ಲ, ಹಕ್ಕು

ಡಿಸೆಂಬರ್ 1 ಬಂತೆಂದರೆ ಏಡ್ಸ್ ದಿನ. ಹಣ್ಣಿನ ಬುಟ್ಟಿ, ಹೂಮಾಲೆ, ಭಾಷಣ, ಫೋಟೋ! ಹಂಚಿದ್ದು ಡಜನ್ ಬಾಳೆಹಣ್ಣಾದರೆ ವರದಿ ಪುಟಗಟ್ಟಲೆ. ಆಫ್ರಿಕದ ಹಳ್ಳಿಯಿರಲಿ, ನಮ್ಮ ಘಟ್ಟದ ಮೇಲಿನ ತಾಲ್ಲೂಕುಗಳಿರಲಿ, ರೋಗಿಯ ಮುಖ ತೋರಿಸಿ ದಾನಿಯ ಕೀರ್ತಿ ಬೆಳಗಿಸುವ ಈ ಪದ್ಧತಿಯನ್ನು ನಾವು ಖಂಡಿಸುತ್ತೇವೆ.

ದಾನವೇ ಕೂಡದೆಂದು ನಮ್ಮ ವಾದವಲ್ಲ. ನೆಂಟರೇ ದೂರ ಸರಿದ ಕಾಲದಲ್ಲಿ ರೋಗಿಯ ಮೈ ಮುಟ್ಟಿ ಆರೈಕೆ ಮಾಡಿದವರಿಗೆ ನಮ್ಮ ನಮಸ್ಕಾರ. ಆದರೆ ದಾನಿಯ ಮನಸ್ಸು ತಿರುಗಿದ ದಿನ ರೋಗಿಯ ಗತಿಯೇನು? ಗೇಟ್ಸ್ ಪ್ರತಿಷ್ಠಾನವು 2003ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ‘ಆವಾಹನ್’ ಯೋಜನೆ ಹೂಡಿತು. ಕೆಲ ವರ್ಷಗಳ ತರುವಾಯ ಸರಕಾರಕ್ಕೆ ಒಪ್ಪಿಸಿ ಹಿಂದೆ ಸರಿಯಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಒಂದು ಸಹಿಯಿಂದ ವಿದೇಶಿ ನೆರವನ್ನು ತಡೆದರು. ಆಫ್ರಿಕದಲ್ಲಿ ಎಷ್ಟೋ ಚಿಕಿತ್ಸಾಲಯಗಳಿಗೆ ಬೀಗ ಬಿತ್ತು. ದಾನದ ಬೀಗದ ಕೈ ಯಾವಾಗಲೂ ದಾನಿಯ ಸೊಂಟದಲ್ಲಿ!

ಮದ್ದನ್ನು ಬಡವನ ಕೈಗೆಟುಕಿಸಿದ್ದು ಕಾನೂನು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧಿಯ ಮೇಲೆ ಯಾರಿಗೂ ಪೂರ್ಣ ಏಕಸ್ವಾಮ್ಯ ಕೊಡಲಿಲ್ಲ. ಅದರ ಬಲದಿಂದಲೇ, ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿದ್ದ ಮದ್ದನ್ನು 350 ಡಾಲರಿಗೆ ಕೊಡಲು ಮುಂಬಯಿಯ ಸಿಪ್ಲಾ ಕಂಪನಿ 2001ರಲ್ಲಿ ಮುಂದೆ ಬಂತು. 2004ರ ಏಪ್ರಿಲ್ 1ರಿಂದ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಅದು ಪುಕ್ಕಟೆಯಾಗಿ ಸಿಗತೊಡಗಿತು.

ಗಿರಣಿಯ ಸಂಗಾತಿಗಳೇ, ಅಂಗಡಿಕಾರ ಬಂಧುಗಳೇ, 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ನೆಪದಿಂದ ಅನ್ಯಾಯವಾಗಿ ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಬಿಡಿಸುವಂತಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಅವನ ಗುಟ್ಟು ಹೊರಗೆಡಹುವಂತಿಲ್ಲ. ನೂರು ಮಂದಿ ದುಡಿಯುವಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ನಿಮ್ಮಲ್ಲಿ ಇದ್ದಾನೆಯೇ? ಕೇಳಿದ್ದೀರಾ?

ಗುಟ್ಟು ಬಯಲಾದೀತೆಂಬ ಅಂಜಿಕೆಯಿಂದ ಒಂದು ದಿನದ ಕೂಲಿ ಬಿಟ್ಟು, ಗುರುತಿಲ್ಲದ ಊರಿನಲ್ಲಿ ಗುಳಿಗೆ ತರುವವನಿಗೆ ಫೋಟೋದ ದಾನಿ ಮಾಡುವ ಉಪಕಾರವೇನು?

ಸಿದ್ದಾಪುರದ ನೆರೆಯ ಸಾಗರ ಸೀಮೆಯಲ್ಲಿ, 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ದಯೆ ಬೇಡಲಿಲ್ಲ. ನ್ಯಾಯ ಕೇಳಿ ಸೆರೆಮನೆ ಕಂಡರು. ಅದೇ ದಾರಿ ನಮ್ಮದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಎಂದೂ ತಪ್ಪಕೂಡದು. ಗುಟ್ಟು ಎಂದೂ ಒಡೆಯಕೂಡದು. ಮದ್ದು ತರುವ ದಿನದ ಕೂಲಿ ಕಡಿಯಕೂಡದು. ಈ ಮೂರು ಬೇಡಿಕೆಗಳನ್ನು ಪ್ರತಿ ಗಿರಣಿಯ ಬಾಗಿಲಲ್ಲಿ, ಪ್ರತಿ ಪೇಟೆಯ ಬೀದಿಯಲ್ಲಿ ಮೊಳಗಿಸೋಣ. ಬಾಳೆಹಣ್ಣು ಯಾರಾದರೂ ಕೊಡಲಿ. ಹಕ್ಕನ್ನು ನಾವೇ ಪಡೆಯಬೇಕು.