ಮಡ್ಡಿಗೆ ಓತಿಕ್ಯಾತನ ಸಾಕ್ಷಿ

ನಮ್ಮೂರ ಗಾಯರಾನದಾಗ ಈಗ ಉಳಿದಿರೋದು ಅರ್ಧ ಮಡ್ಡಿ. ಇನ್ನರ್ಧಕ್ಕೆ ಗುಂಡಿ ತೋಡಿ ಗಿಡ ಹಚ್ಚಿ ಆಗಿದೆ. ಬರುವ ಗ್ರಾಮಸಭೆಯಲ್ಲಿ ಉಳಿದ ಅರ್ಧಕ್ಕೂ ಗುಂಡಿ ತೋಡುವ ಠರಾವು ಬರುತ್ತದೆ ಎಂದು ಕೇಳಿದ್ದೇನೆ. ಅದಕ್ಕೆ ನನ್ನ ವಿರೋಧವಿದೆ. ಮೂವತ್ತು ವರ್ಷ ಕನ್ನಡ ಶಾಲೆಯ ಮಕ್ಕಳಿಂದ ‘ಗಿಡ ಹಚ್ಚಿರಿ, ನಾಡು ಉಳಿಸಿರಿ’ ಎಂದು ಕೂಗಿಸಿದ ಮಾಸ್ತರನೇ ಹಿಂಗ ಬರೀತಾನಂದ್ರ ನಿಮಗೆ ನಗು ಬರಬಹುದು. ನಗರಿ, ಆದರ ಪೂರ್ತಿ ಓದಿ ನಗರಿ.

ನನ್ನ ಕಡೆ ಒಂದೇ ಸಾಕ್ಷಿ ಅದ. ಬಾಲ ಸೇರಿಸಿದರೂ ಗೇಣುದ್ದ ಆಗೂದು ಕಷ್ಟ, ಅಂಥ ಓತಿಕ್ಯಾತ.

ಬೇಲಿ ಮ್ಯಾಲ ಕೂಡುವ ಓತಿಕ್ಯಾತ ಬೇರೆ, ಮಡ್ಡಿಯದು ಬೇರೆ. ಮಡ್ಡಿಯದರ ಮೈ ಗರಸಿನ ಬಣ್ಣದ್ದು. ಅಲುಗದೆ ಕೂತರೆ ಕಾಲ ಬುಡದಲ್ಲಿದ್ದರೂ ಕಾಣದು. ಬೆನ್ನಟ್ಟಿದರೆ ಒಮ್ಮೊಮ್ಮೆ ಹಿಂದಿನ ಎರಡೇ ಕಾಲ ಮೇಲೆ ಎದ್ದು ಓಡುತ್ತದೆ. ಬೇಲಿಯದರ ಹಿಂಗಾಲಿಗೆ ಐದು ಬೆರಳು, ಇದಕ್ಕೆ ನಾಲ್ಕೇ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ನಾವು ನೆರಳು ಹುಡುಕುವಾಗ ಇದರ ಗಂಡು ಕಲ್ಲಿನ ಮೇಲೆ ಹತ್ತಿ ನಿಂತು, ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಮಾಡುತ್ತದೆ. ನೀಲಿ, ಕಪ್ಪು, ಕೆಂಪು ಮೂರೂ ಬಣ್ಣ ಅದರಾಗ ಅವ. ಹೆಣ್ಣನ್ನು ಕರೆಯೋದು, ಎದುರಾಳಿ ಗಂಡನ್ನು ಹೆದರಿಸೋದು ಎಲ್ಲಾ ಅದರಿಂದಲೇ. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಹೆಣ್ಣು ನೆಲ ತೋಡಿ ಮೊಟ್ಟೆ ಇಡುತ್ತದೆ.

1870ರಲ್ಲಿ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯ ಈ ಬಗೆಯ ಒಂದು ಜಾತಿಗೆ ‘ದಖ್ಖನಿನದು’ ಎಂಬರ್ಥದ ಹೆಸರಿಟ್ಟ. 2016ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅವರ ಜೊತೆಗಾರರೂ ಕೂಡಿ, ಬಣ್ಣದ ಗಂಟಲಿನ ಇಂಥವನ್ನು ಒಂದು ಬೇರೆ ಕುಲವೆಂದು ಗುರುತಿಸಿದರು. ಆ ಕುಲಕ್ಕೆ ಇಟ್ಟ ಹೆಸರು ‘ಸರಡಾ’. ನಮ್ಮ ಶಾಲೆಯ ಮರಾಠಿ ಪಾಠದಾಗ ಬರುವ ಸರಡಾ ಅದೇ. 2018ರಲ್ಲಿ ಗೋಕಾಕದ ಕಡೆಯ ಓತಿಯೊಂದಕ್ಕೆ ಆ ಊರಿನ ಹೆಸರೇ ಬಂತು. ಅಂದರೆ ನಾವು ಕಲ್ಲು ಹೊಡೆದು ಬೆಳೆದ ಈ ಪ್ರಾಣಿಗಳ ಲೆಕ್ಕ ಪಂಡಿತರಿಗೇ ಇನ್ನೂ ಮುಗಿದಿಲ್ಲ. ಹೌದು, ನಾನೂ ಕಲ್ಲು ಹೊಡೆದವನೇ. ತಲೆ ಅಲ್ಲಾಡಿಸಿ ನೆತ್ತರ ಹೀರ್ತದ ಅಂತ ಹಿರಿಯರು ಹೇಳಿದ್ದರು, ನಂಬಿದ್ದೆ. ಅದು ತಿನ್ನೋದು ಇರುವೆ, ಗೆದ್ದಲು, ಮಿಡತೆ, ಹುಳ. ನಮ್ಮ ನೆತ್ತರ ಅದಕ್ಕ ಬೇಕಾಗಿಲ್ಲ.

ಈಗ ಮಡ್ಡಿಯ ಮಾತಿಗೆ ಬರುತ್ತೇನೆ. ಸಾತಬಾರಾ ಉತಾರ ತೆಗೆದು ನೋಡರಿ. ಬೆಳೆ ಬಾರದ ನೆಲಕ್ಕೆ ‘ಪೋಟಖರಾಬ’ ಎಂದು ಬರೆದಿರುತ್ತಾರೆ. ಕಂದಾಯದ ಲೆಕ್ಕಕ್ಕೆ ಆ ಶಬ್ದ ಸರಿ. ಆದರೆ ಅದನ್ನು ಓದಿ ಓದಿ, ಆ ನೆಲವೇ ಕೆಟ್ಟದ್ದು, ಅಲ್ಲಿ ಏನೂ ಇಲ್ಲ ಎಂದು ನಾವು ನಂಬಿಬಿಟ್ಟೆವು. 2019ರ ಮಳೆಗಾಲಕ್ಕೆ ನಮ್ಮ ರಾಜ್ಯದ ಗುರಿ 33 ಕೋಟಿ ಸಸಿ ಇತ್ತು. ಗುರಿ ಅಷ್ಟು ದೊಡ್ಡದಾದರೆ ಜಾಗ ಹುಡುಕುವವರ ಕಣ್ಣು ಮೊದಲು ಬೀಳೋದು ಇಂಥ ನೆಲದ ಮ್ಯಾಲ. ನಾನೇ ಮಕ್ಕಳ ತಲೆ ಮೇಲೆ ಸಸಿ ಹೊರಿಸಿಕೊಂಡು ಮಡ್ಡಿಗೆ ಹೋದೆ. ಫೋಟೋ ತೆಗೆಸಿಕೊಂಡೆವು.

ಮುಂದಿನ ಬ್ಯಾಸಗಿಗೆ ಹೋಗಿ ನೋಡಿದರೆ ಹೆಚ್ಚಿನ ಸಸಿ ಒಣಗಿ ಕಡ್ಡಿಯಾಗಿದ್ದವು. ಒಡೆದ ನೆಲದಲ್ಲಿ ಬಳ್ಳಾರಿ ಜಾಲಿ ತಾನಾಗೇ ಹಬ್ಬಿತ್ತು. ಕುರಿ ಮೇಯುವ ಹುಲ್ಲು ಜಾಲಿಯ ಕೆಳಗೆ ಸತ್ತಿತ್ತು. ಓತಿಕ್ಯಾತ ಕೂಡುತ್ತಿದ್ದ ಕಲ್ಲುಗಳು ಗುಂಡಿಯ ಬದುವಿಗೆ ಹೋಗಿದ್ದವು. ಆ ಅರ್ಧದಲ್ಲಿ ಆ ವರ್ಷ ಒಂದು ಬೀಸಣಿಗೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಈಚೆಯ ಅರ್ಧದಲ್ಲಿ, ನೂರು ಹೆಜ್ಜೆಯೊಳಗೆ, ನಾಲ್ಕು ಗಂಡು ನಾಲ್ಕು ಕಲ್ಲಿನ ಮೇಲೆ ನಿಂತಿದ್ದವು.

ಇದರಲ್ಲಿ ಆಶ್ಚರ್ಯವೇನಿಲ್ಲ. ಅದು ಬಿಸಿಲಿನಿಂದ ಮೈ ಕಾಯಿಸಿಕೊಳ್ಳುವ ಪ್ರಾಣಿ. ಅದರ ಸಂಸಾರ ನಡೆಯೋದು ದೂರದಿಂದ ಕಾಣುವ ಬಣ್ಣದ ಮ್ಯಾಲ. ನೋಟ ಮುಚ್ಚಿದರೆ ಅದರ ಮನೆ ಮುಚ್ಚಿದ ಹಾಗೆ.

ನಮ್ಮ ಹೊಸ ಶಿಕ್ಷಕರೊಬ್ಬರು ಕೇಳಿದರು: “ಸರ್ರ, ಜತ್ತದ ಪೂರ್ವ ಭಾಗಕ್ಕ ಕುಡಿಯಾಕ ನೀರಿಲ್ಲ. ನೀವು ಓತಿಕ್ಯಾತನ ಚಿಂತಿ ಹಚ್ಚಿಕೊಂಡೀರಿ?” ಪ್ರಶ್ನೆ ನ್ಯಾಯದ್ದು. ನೀರಿಗಾಗಿ ನಾವೆಲ್ಲ ಮೋರ್ಚಾ ಹೋದವರೇ, ಇನ್ನೂ ಹೋಗುತ್ತೇವೆ. ಆದರೆ ಮಡ್ಡಿ ನಮ್ಮ ಹತ್ತಿರ ಒಂದು ಕೊಡ ನೀರು ಕೇಳಿಲ್ಲ. ನೀರು ಕೇಳಿದ್ದು ನಾವು ಹಚ್ಚಿದ ಸಸಿ, ಟ್ಯಾಂಕರಿನ ನೀರು. ಮಳೆ ಕೈಕೊಟ್ಟ ವರ್ಷವೂ ಅಷ್ಟಿಷ್ಟು ಹುಲ್ಲು ಕೊಟ್ಟು ಕುರಿ ಬದುಕಿಸಿದ್ದು ಇದೇ ಮಡ್ಡಿ. ಕುರಿಗಾರರನ್ನು ಕೇಳರಿ, ಅವರು ಇದನ್ನು ಪಾಳು ಅನ್ನೂದಿಲ್ಲ.

ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯ ನನ್ನಜದಲ್ಲಿ ಮಾಳಢೋಕ ಪಕ್ಷಿಗಾಗಿ 1979ರಲ್ಲೇ ಅಭಯಾರಣ್ಯ ಮಾಡಿದರು. ಅದೂ ಬಯಲಿನ ಪಕ್ಷಿ, ನಮ್ಮ ಹಿರಿಯರು ಎರೆಭೂತ ಅಂತಿದ್ದದ್ದು. ಈಗ ಒಂದು ಕಂಡರೆ ಸುದ್ದಿ. ಅಷ್ಟು ದೊಡ್ಡ ಪಕ್ಷಿ ಹೋದದ್ದೇ ನಮಗೆ ತಡವಾಗಿ ತಿಳಿಯಿತು. ಗೇಣುದ್ದದ್ದು ಹೋದರೆ ಯಾರಿಗೆ ತಿಳಿದೀತು?

ಗಿಡ ಬ್ಯಾಡ ಅಂತ ನಾನು ಹೇಳೂದಿಲ್ಲ. ರಸ್ತೆಯ ಎರಡೂ ಕಡೆ ಬೇವು ಹಚ್ಚೋಣ. ಶಾಲೆಯ ಸುತ್ತ, ಬಾವಿಯ ದಂಡಿಗೆ, ಗುಡಿಯ ಮುಂದ ಹಚ್ಚೋಣ. ಅಲ್ಲಿ ನೀರು ಹಾಕುವ ಕೈ ಇದ್ದಾವೆ. ಮಡ್ಡಿಯ ಮೇಲಿನ ಜಾಲಿ ಕಿತ್ತು ಹಾಕೋಣ. ಅಲ್ಲಿ ಮುರುಮ ಅಗೆಯೋದು ನಿಲ್ಲಿಸೋಣ. ಗುಂಡಿಯ ಠರಾವಿನ ಬದಲು ಈ ಠರಾವು ಗ್ರಾಮಸಭೆಯಲ್ಲಿ ಬರಲಿ, ಮೊದಲ ಕೈ ನಾನು ಎತ್ತುತ್ತೇನೆ.

ಶಿಕ್ಷಕ ಬಂಧುಗಳಿಗೆ ಇನ್ನೊಂದು ಮಾತು. ಮೇ ರಜೆ ಬೀಳುವ ಮೊದಲು ಒಂದು ಮುಂಜಾನೆ ಮಕ್ಕಳನ್ನು ಮಡ್ಡಿಗೆ ಕರಕೊಂಡು ಹೋಗರಿ. ಸಸಿ ಬ್ಯಾಡ, ಕಲ್ಲೂ ಬ್ಯಾಡ. ಸುಮ್ಮನೆ ಕೂಡಿಸಿ ಬೀಸಣಿಗೆ ಎಣಿಸಲು ಹೇಳರಿ.

ಬೇಲಿಗೆ ಓತಿಕ್ಯಾತ ಸಾಕ್ಷಿ, ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಕಳ್ಳ ಸಾಕ್ಷಿಗೆ ಹೇಳುತ್ತೇವೆ. ಮಡ್ಡಿಯ ಓತಿಕ್ಯಾತನದು ಕಳ್ಳ ಸಾಕ್ಷಿಯಲ್ಲ. ಈ ನೆಲ ಸತ್ತಿಲ್ಲ ಎಂದು ಅದು ಪ್ರತಿ ಬ್ಯಾಸಗಿಗೂ ಕಲ್ಲಿನ ಮೇಲೆ ನಿಂತು ಹೇಳುತ್ತಿದೆ. ಕೈ ಎತ್ತುವ ಮೊದಲು ಒಂದ್ಸಲ ಹೋಗಿ ನೋಡಿ ಬರ್ರಿ.