ಕೀಲೆಣ್ಣೆ ಕಾಣದ ಕೀಲು

ನವರಾತ್ರಿ ಮುಗಿದ ಮರುವಾರ ಬ್ರಹ್ಮಾವರದ ನಿವೃತ್ತ ಉಪಾಧ್ಯಾಯರೊಬ್ಬರು ಸಕುಟುಂಬರಾಗಿ ಕೊಲ್ಲೂರಿಗೆ ಹೊರಟರು. ಕುಂದಾಪುರ ದಾಟಿ, ಹೆಮ್ಮಾಡಿಯಲ್ಲಿ ತಿರುಗಿ, ವಂಡ್ಸೆಯ ಮಾರ್ಗವಾಗಿ ಹೋಗಿ ದೇವಿಯ ದರ್ಶನ ಮಾಡುವುದು. ಹಿಂದಿರುಗುವಾಗ ಬೈಂದೂರಿನ ದಾರಿ ಹಿಡಿದು, ಮರವಂತೆಯ ಕಡಲನ್ನು ಮೊಮ್ಮಗಳಿಗೆ ತೋರಿಸಿ ಮನೆ ಸೇರುವುದು - ಇದು ಅವರ ಸಂಕಲ್ಪ. ದರ್ಶನವೇನೋ ಸಾಂಗವಾಗಿ ಆಯಿತು. ಆದರೆ ಕೊಲ್ಲೂರಿನಿಂದ ಬೈಂದೂರಿಗೆ ಕಾಡಿನ ನಡುವೆ ಸಾಗುವ ಹಾದಿಯಲ್ಲಿ, ಪ್ರತಿಯೊಂದು ತಿರುವಿನಲ್ಲಿಯೂ ಕಾರಿನ ಮುಂದಿನ ಎಡಚಕ್ರದ ಬಳಿ ‘ಟಕ್’ ಎಂಬ ಸದ್ದು ಕೇಳತೊಡಗಿತು. ಮೊದಲು ಕೇಳಿಸಿಕೊಂಡವರು ಹಿಂದಿನ ಆಸನದಲ್ಲಿದ್ದ ಮಡದಿ. “ರಸ್ತೆ ಹಾಳಾಗಿದೆ” ಎಂದು ಉಪಾಧ್ಯಾಯರು ಸಮಾಧಾನ ಹೇಳಿದರು. ಡಾಮರು ಕನ್ನಡಿಯಂತಿದ್ದ ಕಡೆಯಲ್ಲಿಯೂ ಸದ್ದು ಬಂದಾಗ ಅವರು ಸುಮ್ಮನಾದರು. ರಸ್ತೆಯ ಮೇಲೆ ಹೊರಿಸುವ ಅಪವಾದಕ್ಕೂ ಒಂದು ಮಿತಿಯುಂಟಷ್ಟೆ.

ನಿಜವಾಗಿ ಆ ಸದ್ದು ಅವರಿಗೆ ಹೊಸದಾಗಿರಲಿಲ್ಲ. ಆಗಸ್ಟ್ ತಿಂಗಳಿನಲ್ಲಿ ಒಮ್ಮೆ ಅದು ಕೇಳಿಸಿತ್ತು. ಊರಿನ ಗ್ಯಾರೇಜೊಂದರಲ್ಲಿ ಚಕ್ರದ ಕೆಳಗಿನ ರಬ್ಬರಿಗೆ ಸಿರಿಂಜು ಚುಚ್ಚಿ ಗ್ರೀಸು ತುಂಬಿಸಿ ಕಳುಹಿಸಿದ್ದರು. ಖರ್ಚು ಅತ್ಯಲ್ಪ, ಸದ್ದೂ ನಿಂತಿತ್ತು. ಸದ್ದು ನಿಂತಿತೆಂದರೆ ರೋಗ ನಿಂತಿತೆಂದು ತಿಳಿಯುವುದು ಮನುಷ್ಯಸಹಜವಾದ ತಪ್ಪು.

ಈ ರೋಗದ ನೆಲೆ ಬಾಲ್ ಜಾಯಿಂಟ್ ಎಂಬ ಪುಟ್ಟ ಕೀಲು. ಇದರ ರಚನೆಯನ್ನು ತಿಳಿಯಲು ಯಂತ್ರಶಾಸ್ತ್ರದ ಗ್ರಂಥಗಳೇನೂ ಬೇಡ, ಸ್ವಂತ ಸೊಂಟದ ಮೇಲೆ ಕೈಯಿಟ್ಟುಕೊಂಡರೆ ಸಾಕು. ತೊಡೆಯೆಲುಬಿನ ಗುಂಡುತಲೆ ಸೊಂಟದೆಲುಬಿನ ಬಟ್ಟಲಿನಲ್ಲಿ ಕುಳಿತು ಎಲ್ಲ ದಿಕ್ಕಿಗೂ ಆಡುವಂತೆ, ಉಕ್ಕಿನ ಕಂಬಿಯೊಂದರ ತುದಿಯಲ್ಲಿರುವ ಗುಂಡು ಉಕ್ಕಿನದೇ ಬಟ್ಟಲಿನಲ್ಲಿ ಕುಳಿತಿರುತ್ತದೆ. ಮುಂದಿನ ಚಕ್ರಕ್ಕೆ ಎರಡು ಬಗೆಯ ಚಲನೆ ಬೇಕು: ಹೊಂಡ ಬಂದಾಗ ಮೇಲೆ ಕೆಳಗೆ ಆಡಬೇಕು, ಸ್ಟಿಯರಿಂಗ್ ತಿರುಗಿಸಿದಾಗ ಎಡಬಲಕ್ಕೆ ಹೊರಳಬೇಕು. ಈ ಎರಡನ್ನೂ ಏಕಕಾಲದಲ್ಲಿ ಸಾಧ್ಯವಾಗಿಸುವುದು ನಿಂಬೆಯ ಗಾತ್ರದ ಈ ಕೀಲು.

ಹಳೆಯ ಎತ್ತಿನ ಗಾಡಿಗಳ ಅಚ್ಚಿಗೆ ಕೀಲೆಣ್ಣೆ ಹಾಕದೆ ಗಾಡಿಯವನು ದೂರದ ಪ್ರಯಾಣಕ್ಕೆ ಹೊರಡುತ್ತಿರಲಿಲ್ಲ. ಅಂಬಾಸಿಡರ್ ಕಾರಿನ ಮುಂಚಕ್ರದ ಕೀಲುಗಳಿಗೂ ಗ್ರೀಸು ತುಂಬಲು ನಿಪ್ಪಲ್‌ಗಳಿದ್ದವು. ಸರ್ವಿಸಿನ ದಿನ ಹಳೆಯ ಕೊಳಕು ಗ್ರೀಸು ಹೊರಬರುವವರೆಗೆ ಗ್ರೀಸ್ ಗನ್ನಿನಿಂದ ಹೊಸದನ್ನು ತುಂಬುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದರೊಡನೆ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರನ ಹೆಸರಿನ ಸ್ಟ್ರಟ್ ವ್ಯವಸ್ಥೆ ಮಧ್ಯಮವರ್ಗದ ಮನೆಯಂಗಳಕ್ಕೆ ಕಾಲಿಟ್ಟಿತು. ಈ ವ್ಯವಸ್ಥೆಯಲ್ಲಿ ಕಾರಿನ ಭಾರವನ್ನು ಬಹುಮಟ್ಟಿಗೆ ಸ್ಪ್ರಿಂಗಿನ ಸ್ತಂಭವೇ ಹೊರುತ್ತದೆ. ಚಕ್ರದ ಬುಡವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕೆಲಸ ಲೋವರ್ ಆರ್ಮಿನ ತುದಿಯಲ್ಲಿರುವ ಒಂದೇ ಒಂದು ಬಾಲ್ ಜಾಯಿಂಟಿನದು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇವುಗಳ ಕೀಲಿಗೆ ನಿಪ್ಪಲ್ ಇಲ್ಲ. ಕಾರ್ಖಾನೆಯಲ್ಲಿ ಒಮ್ಮೆ ಗ್ರೀಸು ತುಂಬಿ ರಬ್ಬರಿನ ಬೂಟಿನಿಂದ ಮುಚ್ಚಿದರೆ, ಅದೇ ಅದರ ಆಜೀವ ಬುತ್ತಿ. ಆದ್ದರಿಂದ ಈ ಕೀಲಿನ ಆಯುಸ್ಸು ಉಕ್ಕಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಆ ತೆಳ್ಳನೆಯ ರಬ್ಬರಿನ ಮೇಲೆ ನಿಂತಿದೆ ಎನ್ನಬೇಕು.

ಆ ರಬ್ಬರಿಗೆ ಕರಾವಳಿ ಸುಖದ ತಾಣವಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಹಳ್ಳಿಯ ದಾರಿಗಳಲ್ಲಿ ಮುರಕಲ್ಲಿನ ಕೆಂಪು ಕೆಸರು. ಮಳೆ ನಿಂತೊಡನೆ ಅದೇ ಕೆಸರು ಒಣಗಿ ಮರಳುಕಾಗದದಂತಾಗುತ್ತದೆ. ಮರವಂತೆಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಗೆ - ಹಿರಿಯರ ಬಾಯಲ್ಲಿ ಅದಿನ್ನೂ 17ನೆಯ ಹೆದ್ದಾರಿಯೇ - ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕೆ. ನೋಡುವ ಕಣ್ಣಿಗೆ ಅದು ಸೊಬಗು, ಕಾರಿನ ಕೆಳಗಿನ ಲೋಹಕ್ಕೆ ಉಪ್ಪಿನ ಗಾಳಿ. ಬೂಟಿನಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ನೀರು ಒಳಹೊಕ್ಕು ಗ್ರೀಸನ್ನು ಕೆಡಿಸುತ್ತದೆ, ಮರಳಿನ ಕಣ ಗುಂಡನ್ನೂ ಬಟ್ಟಲನ್ನೂ ತೇಯುತ್ತದೆ, ತುಕ್ಕು ಉಳಿದ ಕೆಲಸವನ್ನು ಮುಗಿಸುತ್ತದೆ. ಹೀಗೆ ಸವೆದ ಮೇಲೆ ಸಿರಿಂಜಿನಿಂದ ಎಷ್ಟು ಗ್ರೀಸು ತುಂಬಿದರೂ ಸವೆದ ಉಕ್ಕು ಮರಳಿ ಬೆಳೆಯುವುದಿಲ್ಲ. ಗ್ರೀಸು ಸದ್ದನ್ನು ಅಡಗಿಸುತ್ತದೆ. ಎಚ್ಚರಿಸುತ್ತಿದ್ದ ಒಂದೇ ಬಾಯಿಗೆ ಬಟ್ಟೆ ತುರುಕಿದಂತೆ. ಈ ಅಗ್ಗದ ಚಿಕಿತ್ಸೆಯಷ್ಟು ದುಬಾರಿಯಾದುದು ಬೇರೊಂದಿಲ್ಲ. ಸವೆತ ಮಿತಿ ಮೀರಿದ ದಿನ ಗುಂಡು ಬಟ್ಟಲಿನಿಂದ ಕಿತ್ತುಬರುತ್ತದೆ, ಚಕ್ರ ವಾರೆಯಾಗಿ ಮಡಚಿಕೊಳ್ಳುತ್ತದೆ, ಕಾರು ಆ ಮೂಲೆಗೆ ಕುಸಿಯುತ್ತದೆ. ಆಮೇಲೆ ಸ್ಟಿಯರಿಂಗ್ ಹಿಡಿದವನು ಏನು ತಿರುಗಿಸಿದರೂ ಪ್ರಯೋಜನವಿಲ್ಲ. ಅದು ಮನೆಯ ಗೇಟಿನ ಬಳಿ ಆದರೆ ಪುಣ್ಯ; ಎದುರಿನಿಂದ ಲಾರಿ ಬರುತ್ತಿರುವ ಹೆದ್ದಾರಿಯಲ್ಲಿ ಆದರೆ ಹೇಳುವುದೇನಿದೆ?

ಉಪಾಧ್ಯಾಯರ ಕಾರು ಬೈಂದೂರಿನ ಒಂದು ಚಿಕ್ಕ ಗ್ಯಾರೇಜಿನ ಮುಂದೆ ನಿಂತಿತು. ಅಲ್ಲಿಯ ಮೆಕ್ಯಾನಿಕ್ ಇನ್ನೂ ಮೀಸೆ ದಟ್ಟವಾಗದ ತರುಣ. ಆದರೆ ಅವನ ಪರೀಕ್ಷೆಯ ಕ್ರಮ ಬಲ್ಲವರು ಮೆಚ್ಚುವಂತಹುದಾಗಿತ್ತು. ಜಾಕ್ ಏರಿಸಿ ಚಕ್ರವನ್ನು ನೆಲದಿಂದ ಎತ್ತಿದವನು, ಜಾಕನ್ನು ನಂಬದೆ ಕಾರಿನ ಚೌಕಟ್ಟಿಗೆ ಸ್ಟ್ಯಾಂಡ್ ಕೊಟ್ಟನು. ಟೈರಿನ ನೆತ್ತಿಗೊಂದು, ಬುಡಕ್ಕೊಂದು ಕೈಯಿಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಿದನು. ಚಕ್ರ ಆಡಿತು. ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಚಕ್ರದ ಬೇರಿಂಗ್ ಸವೆದಿದ್ದರೂ ಹೀಗೆಯೇ ಆಡುತ್ತದೆ. ಉಪಾಧ್ಯಾಯರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಿಸಿದನು. ಬೇರಿಂಗಿನ ದೋಷವಾಗಿದ್ದರೆ ಬ್ರೇಕ್ ಹಿಡಿದೊಡನೆ ಆಟ ಅಡಗಬೇಕಿತ್ತು. ಅಡಗಲಿಲ್ಲ. ಬಳಿಕ ಟೈರಿನ ಎಡಬಲಗಳನ್ನು ಹಿಡಿದು ಅಲುಗಿಸಿ, ಸ್ಟಿಯರಿಂಗಿನ ಟೈ ರಾಡ್ ತುದಿ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡನು. ಕೊನೆಗೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿದನು.

“ಇಲ್ಲ್ ಕಾಣಿ ಮಾಷ್ಟ್ರೇ, ರಬ್ರ್ ಹರ್ದ್ ಹೋಯಿತ್.”

ಹರಿದ ಬೂಟಿನ ಸುತ್ತ ಗ್ರೀಸಿನ ಬದಲು ಕೆಂಪು ಕೆಸರಿನ ಅಂಟು ಇತ್ತು. ಟೈರಿನ ಒಳಅಂಚು ಹೊರಅಂಚಿಗಿಂತ ಹೆಚ್ಚಾಗಿ ಸವೆದಿದ್ದುದನ್ನೂ ಅವನು ತೋರಿಸಿದನು. ಎರಡು ತಿಂಗಳಿನಿಂದ ಅದು ಅಲ್ಲಿಯೇ ಇತ್ತು, ಬಗ್ಗಿ ನೋಡಿದವರಿರಲಿಲ್ಲ.

ಎಲ್ಲ ಕಾರುಗಳಿಗೂ ಇದೇ ಪರೀಕ್ಷೆ ಸಲ್ಲದು. ಮೇಲೊಂದು ಕೆಳಗೊಂದು ತೋಳಿದ್ದು, ಸ್ಪ್ರಿಂಗು ಕೆಳತೋಳಿನ ಮೇಲೆ ಕುಳಿತಿರುವ ಗಾಡಿಗಳಲ್ಲಿ ಜಾಕನ್ನು ಆ ತೋಳಿನ ಕೆಳಗೆಯೇ ಕೊಡಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡ ಕೀಲನ್ನು ಬಿಗಿಹಿಡಿದು ಸವೆತವನ್ನು ಮರೆಮಾಚುತ್ತದೆ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲವಾದರೂ ಮನೆಯಂಗಳದಲ್ಲಿ ಕಲಿಯತಕ್ಕ ವಿದ್ಯೆಯೂ ಅಲ್ಲ. ಕೆಲವು ಕಾರುಗಳಲ್ಲಿ ಕೀಲನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ಕೆಲವದರಲ್ಲಿ ಒತ್ತಿ ಕೂರಿಸಿರುತ್ತಾರೆ. ಇನ್ನು ಕೆಲವದರಲ್ಲಿ ಲೋವರ್ ಆರ್ಮನ್ನೇ ಇಡಿಯಾಗಿ ಬದಲಿಸಬೇಕು. ಬಿಡಿಸುವಾಗ ಕವೆಯಂತಹ ಸಲಕರಣೆಯನ್ನು ಬಡಿದು ತೂರಿಸಿದರೆ ಬೂಟು ಹರಿಯುತ್ತದೆ. ಎಸೆಯುವ ಕೀಲಿಗೆ ಚಿಂತೆಯಿಲ್ಲ, ಉಳಿಸಿಕೊಳ್ಳುವ ಕೀಲಿಗೆ ಅದೇ ಮೃತ್ಯು. ನಟ್ಟನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಸ್ಪ್ಲಿಟ್ ಪಿನ್ ಇರುವಲ್ಲಿ ಹಳೆಯದನ್ನು ನೇರ ಮಾಡಿ ಮತ್ತೆ ಹಾಕುವುದು ಕಾಸಿನ ಉಳಿತಾಯಕ್ಕೆ ಪ್ರಾಣ ಪಣವೊಡ್ಡಿದಂತೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಮತ್ತೆ ಸವೆಯುತ್ತದೆ.

ಒಂದು ಕಡೆ ಹೋದರೆ ಎರಡೂ ಕಡೆ ಬದಲಿಸಲೇಬೇಕೆಂದು ವಾದಿಸುವವರುಂಟು. ಎರಡು ಕೀಲುಗಳೂ ತುಳಿದ ದಾರಿ ಒಂದೇ ಎಂಬುದು ನಿಜ. ಆದುದರಿಂದ ಇನ್ನೊಂದನ್ನು ಅದೇ ದಿನ ಪರೀಕ್ಷಿಸುವುದು ಅವಶ್ಯ. ಬೂಟು ಇಡಿಯಾಗಿದ್ದು, ಆಟವೂ ಇಲ್ಲದಿದ್ದರೆ ಒಳ್ಳೆಯ ಕೀಲನ್ನು ಎಸೆಯುವುದು ಬರಿಯ ದುಂದು. ಅದರ ಬದಲು ಮಳೆಗಾಲದ ಮುನ್ನ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಬೂಟುಗಳನ್ನು ನೋಡುವುದು ಮೇಲು. ಕಾರು ತೊಳೆಸುವಾಗ ನೀರಿನ ರಭಸದ ಧಾರೆಯನ್ನು ಬೂಟಿನ ಸಮೀಪಕ್ಕೆ ಹಿಡಿಯದಂತೆ ಹೇಳುವುದೂ ಒಳಿತು.

ಬೈಂದೂರಿನ ತರುಣ ಬಲಗಡೆಯ ಕೀಲನ್ನು ನೋಡಿ, ಅದು ಚೆನ್ನಾಗಿದೆಯೆಂದು ಹೇಳಿ, ಎಡಗಡೆಯದಕ್ಕೆ ಮಾತ್ರ ಹಣ ಪಡೆದನು. ಸಾಮಾನು ಕುಂದಾಪುರದಿಂದ ಬಸ್ಸಿನಲ್ಲಿ ಬರಬೇಕಾದ್ದರಿಂದ ಕೆಲಸ ಮುಗಿಯುವಾಗ ಸಂಜೆಯಾಗಿತ್ತು. ಮರವಂತೆ ತಲುಪುವಷ್ಟರಲ್ಲಿ ಸೂರ್ಯ ಮುಳುಗಿ, ಕಡಲಿನ ಮೊರೆತವಷ್ಟೇ ಉಳಿದಿತ್ತು. ಮೊಮ್ಮಗಳು ನಿರಾಶಳಾದಳು. ಉಪಾಧ್ಯಾಯರು ಕಾರನ್ನು ಬದಿಗೆ ನಿಲ್ಲಿಸಿ, ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿದರು. ಬಳಿಕ ಕೆಳಗಿಳಿದು ಬಲಚಕ್ರದ ಬಳಿ ಮಂಡಿಯೂರಿ, ಮೊಬೈಲಿನ ದೀಪ ಹಿಡಿಯಲು ಅವಳನ್ನೇ ಕರೆದರು.