ಪೆಟ್ಟಿಗೆ ತಾನೆ?

ನಾನು ಹಾರಿಸುತ್ತಿದ್ದುದು ಸರಕಿನ ವಿಮಾನ ಎಂದೊಡನೆ ನಮ್ಮವರಿಗೆ ಒಂದು ಬಗೆಯ ನಿರಾಳ. ದಾವಣಗೆರೆಯ ನನ್ನ ಸೋದರತ್ತೆ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದರು: "ಸದ್ಯ, ಜನ ಇರಲ್ವಲ್ಲ ಬಿಡವ್ವ. ಪೆಟ್ಟಿಗೆ ತಾನೆ?" ಅತ್ತೆಯದು ಪ್ರೀತಿಯ ಮಾತು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಜಗಳವೇನಿದ್ದರೂ ಇದೇ ಮಾತನ್ನು ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟವರ ಜೊತೆ.

ಮದುವೆಯಾಗಿ ಅಮೆರಿಕಕ್ಕೆ ಹೋದ ನಾನು ಅಲ್ಲಿ ಹಾರಾಟ ಕಲಿತು, ಆರು ವರ್ಷ ಸೆಸ್ನಾ ಕ್ಯಾರವಾನ್ ಎಂಬ ಪುಟ್ಟ ಟರ್ಬೊಪ್ರಾಪ್ ವಿಮಾನ ನಡೆಸಿದೆ. ಹೆಸರಿಗೆ ಹೆದರಬೇಡಿ. ಒಳಗಿರುವುದು ಜೆಟ್ ಜಾತಿಯದೇ ಎಂಜಿನ್ನು. ಅದರ ಬಲವೆಲ್ಲ ಮೂತಿಯಲ್ಲಿರುವ ಪಂಖ ತಿರುಗಿಸುವುದಕ್ಕೆ. ಒಂದೇ ಎಂಜಿನ್ನು, ಒಬ್ಬಳೇ ಪೈಲಟ್, ಹಿಂದೆ ಒಂದು ಟನ್ನಿನಷ್ಟು ಸರಕು. ಶೌಚಾಲಯ ಇಲ್ಲ. (ಹೆಂಗಸರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ?) ರಾತ್ರಿ ದೊಡ್ಡ ಜೆಟ್ಟು ದೊಡ್ಡ ಊರಿಗೆ ತಂದಿಳಿಸಿದ ಪಾರ್ಸೆಲ್ಲುಗಳನ್ನು ನಾವು ನಸುಕಿನಲ್ಲಿ ಚಿಕ್ಕ ಊರುಗಳಿಗೆ ಮುಟ್ಟಿಸಬೇಕು. ಹಗಲೆಲ್ಲ ಅಲ್ಲೇ ಕಾದು, ಸಂಜೆ ಆ ಊರಿನ ಸರಕು ತುಂಬಿಕೊಂಡು ವಾಪಸ್ಸು. ಹಗಲಿನ ಆ ನಿದ್ದೆ ಎಂಥದೆಂದು ರಾತ್ರಿ ಪಾಳಿಯ ನರ್ಸುಗಳನ್ನು ಕೇಳಿ.

ಚಳಿಗಾಲದಲ್ಲಿ ಮೊದಲ ಕೆಲಸ, ಏಣಿ ಹಾಕಿ ರೆಕ್ಕೆಯ ಮೇಲೆ ಕೈಯಾಡಿಸುವುದು. ಟಾರ್ಚು ಬಿಟ್ಟರೆ ಏನೂ ಕಾಣದು. ಬೆರಳಿಗೆ ಮಾತ್ರ ಪುಡಿ ಉಪ್ಪಿನಂತೆ ತರಿತರಿ ಹತ್ತುತ್ತದೆ. ಅಷ್ಟು ಹಿಮ ಸಾಕು, ರೆಕ್ಕೆ ತನ್ನ ಕೆಲಸ ಮರೆಯಲು. ಈ ಮಾದರಿಯ ಹಲವು ವಿಮಾನಗಳು ಹಿಮಕ್ಕೆ ಸಿಕ್ಕಿ ಬಿದ್ದ ಮೇಲೆ, ಹೀಗೆ ಕೈಯಿಂದ ಮುಟ್ಟಿ ನೋಡುವುದನ್ನು 2005ರಲ್ಲಿ ಅಲ್ಲಿನ ಸರ್ಕಾರ ಕಡ್ಡಾಯ ಮಾಡಿತು. ಆಮೇಲೆ ಸರಕು. ಹಿಂದಕ್ಕೆ ಭಾರ ಹೆಚ್ಚಾದರೆ ವಿಮಾನ ನಿಂತಲ್ಲೇ ಮೂತಿ ಎತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ಅದಕ್ಕೇ ತುಂಬುವಾಗ ಬಾಲಕ್ಕೊಂದು ಊರುಗೋಲು.

ದೊಡ್ಡ ಜೆಟ್ಟುಗಳು 35,000 ಅಡಿಗೇರಿ ಮೋಡವನ್ನು ಕೆಳಗೆ ಬಿಟ್ಟು ಹೋಗುತ್ತವೆ. ನಮ್ಮದು ಅಷ್ಟೆತ್ತರಕ್ಕೆ ಹೋಗುವ ಗಾಡಿಯಲ್ಲ. 10,000 ಅಡಿಯ ಆಸುಪಾಸಿನಲ್ಲಿ, ಮೋಡದ ಹೊಟ್ಟೆಯೊಳಗೇ ನಮ್ಮ ದಾರಿ. ರೆಕ್ಕೆಯ ಅಂಚಿಗೆ ಹಾಕಿದ ರಬ್ಬರು ಉಬ್ಬಿ ಮಂಜುಗಡ್ಡೆಯನ್ನು ಒಡೆಯುತ್ತದೆ. ರಬ್ಬರಿಲ್ಲದ ಕಡೆ ಹಿಡಿದದ್ದು ಹಿಡಿದಂತೆಯೇ. ಆಗ ವೇಗ ಇಳಿಯತೊಡಗುತ್ತದೆ. 120 ನಾಟ್, ಅಂದರೆ ಗಂಟೆಗೆ ಸುಮಾರು 220 ಕಿಲೋಮೀಟರಿಗಿಂತ ಕೆಳಗೆ ಬಿಡಕೂಡದು. ಮುಳ್ಳು 130, 125 ಎಂದು ಜಾರುವಾಗ ನಕ್ಷೆ ನೋಡುವವಳೂ ನಾನೇ, ರೇಡಿಯೋದಲ್ಲಿ ಮಾತಾಡುವವಳೂ ನಾನೇ, ವಿಮಾನ ಹಿಡಿದವಳೂ ನಾನೇ. ಹಾಲು ಉಕ್ಕುವ ಹೊತ್ತಿಗೇ ಮಗು ಅತ್ತು, ಯಾರೋ ಬಾಗಿಲು ಬಡಿದರೆ ಹೇಗೋ ಹಾಗೆ. ಆದರೆ ಇಲ್ಲಿ ಒಲೆ ಆರಿಸಿ ಬರುವಂತಿಲ್ಲ.

ಸುಖವೇ ಇಲ್ಲವೆಂದಲ್ಲ. ಮೋಡದಿಂದ ಹೊರಬಿದ್ದಾಗ ಕೆಳಗೆ ಬಿಳಿ ಹೊಲಗಳ ಮೇಲೆ ಬೆಳಕು ಹರಿಯುತ್ತಿರುತ್ತದೆ. ಆ ಹೊತ್ತಿಗೆ ಸಂಬಳ ಮರೆತೇ ಹೋಗುತ್ತದೆ.

ಈಗ ಕಾನೂನು ಕೇಳಿ. ಇದೇ ವಿಮಾನದಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಮೋಡದೊಳಗೆ ಹಾರಬೇಕಾದರೆ ಎರಡನೆಯ ಪೈಲಟ್ ಬೇಕು, ಇಲ್ಲವೇ ಒಪ್ಪಿಗೆ ಪಡೆದ ಆಟೋಪೈಲಟ್ ಬೇಕು. ಪೆಟ್ಟಿಗೆ ತುಂಬಿದರೆ ಎರಡೂ ಬೇಡ! ಅದೇ ರೆಕ್ಕೆ, ಅದೇ ಹಿಮ, ಅದೇ ನಾನು. ಪೆಟ್ಟಿಗೆ ಕಂಡು ಮೋಡ ದಾರಿ ಬಿಡುತ್ತದೆಯೇ?

2009ರ ಫೆಬ್ರುವರಿಯಲ್ಲಿ ಬಫಲೋ ನಗರದ ಬಳಿ ಪ್ರಯಾಣಿಕರ ಟರ್ಬೊಪ್ರಾಪ್ ವಿಮಾನವೊಂದು ಬಿದ್ದು 50 ಜನ ಸತ್ತರು. ಪೈಲಟ್‌ಗಳ ದಣಿವಿನ ಪ್ರಶ್ನೆ ಎದ್ದಿತು. ಸತ್ತವರ ಮನೆಯವರು ಬಿಡದೆ ಹೋರಾಡಿದರು. 2011ರಲ್ಲಿ ವಿಶ್ರಾಂತಿಯ ಹೊಸ ನಿಯಮ ಬಂತು, 2014ರ ಜನವರಿಯಿಂದ ಜಾರಿಯಾಯಿತು. ಆದರೆ ಪ್ರಯಾಣಿಕರ ವಿಮಾನಗಳಿಗೆ ಮಾತ್ರ. ಸರಕಿನವರನ್ನು ಏಕೆ ಬಿಟ್ಟಿರಿ ಎಂದರೆ, ಖರ್ಚಿಗೆ ತಕ್ಕ ಲಾಭವಿಲ್ಲ ಎಂಬ ಉತ್ತರ. ಈ ಲೆಕ್ಕದಲ್ಲಿ ಲಾಭವೆಂದರೆ ಉಳಿಯುವ ಜೀವ. ಸರಕಿನ ವಿಮಾನ ಬಿದ್ದರೆ ಹೋಗುವುದು ಸಾಮಾನ್ಯವಾಗಿ ಒಂದೋ ಎರಡೋ, ಲೆಕ್ಕ ಗಿಟ್ಟಲಿಲ್ಲ. ನಮ್ಮಂಥ ಸಣ್ಣ ವಿಮಾನದವರು ಹಳೆಯ ನಿಯಮದಲ್ಲೇ ಉಳಿದೆವು.

"ಇದು ಮೆಟ್ಟಿಲಷ್ಟೇ ಅಲ್ಲವೇ, ಗಂಟೆಗಳ ಅನುಭವ ಸೇರಿಸಿಕೊಂಡು ದೊಡ್ಡ ಜೆಟ್ಟಿಗೆ ಹೋಗುವುದಲ್ಲವೇ" ಎಂದು ತಿಳಿದವರೂ ಸಮಾಧಾನ ಹೇಳುತ್ತಾರೆ. ಹೊಸ ಸೊಸೆಗೆ "ನಾವೂ ಪಟ್ಟಿದ್ದೇವಮ್ಮ" ಎನ್ನುವವರ ವಾದವೇ ಇದು. ತಾವು ಪಟ್ಟ ಪಾಡನ್ನು ಇನ್ನೊಬ್ಬಳಿಗೆ ದಾಟಿಸಿದರೆ ಪಾಡು ಕಡಿಮೆಯಾಗುತ್ತದೆಯೇ? ನಮ್ಮೂರುಗಳಿಗೆ ಲಾರಿಯಲ್ಲಿ ಬರುವ ಪಾರ್ಸೆಲ್ಲಿನದೂ ಇದೇ ಕಥೆ. ಡ್ರೈವರು ಎಷ್ಟು ಹೊತ್ತು ಮಲಗಿದ್ದ ಎಂದು ನಾವು ಯಾವಾಗ ಕೇಳಿದ್ದೇವೆ?

ವಿಶ್ರಾಂತಿಯ ನಿಯಮ ಸರಕಿಗೂ ಬರಲಿ. ಎರಡನೆಯ ಪೈಲಟ್ ದುಬಾರಿಯಾದರೆ ಆಟೋಪೈಲಟ್ಟನ್ನಾದರೂ ಕಡ್ಡಾಯ ಮಾಡಲಿ. ಪಾರ್ಸೆಲ್ಲಿನ ದರ ಏರುತ್ತದೆಯೇ? ಏರಲಿ. ಕೆಟ್ಟ ಹವೆಯಲ್ಲಿ ಒಂದು ದಿನ ತಡವಾಗುತ್ತದೆಯೇ? ಔಷಧಿ, ರಕ್ತದ ಮಾದರಿ ಇದ್ದರೆ ರಸ್ತೆಯಲ್ಲಾದರೂ ಕಳಿಸಿ. ಚಪ್ಪಲಿ, ಬಟ್ಟೆ, ಪುಸ್ತಕ ನಾಳೆ ಬರಲಿ.